ಎರಡನೇ ರಿಮೋಟಿಗೆ ಸ್ಟಾರ್ಟ್ ಬಟನ್ ಇರಲಿಲ್ಲ

ಆಳಂದ, ಅಫಜಲಪುರ, ಜೇವರ್ಗಿ. ಮೂರು ತಾಲೂಕಿನವರಾದ ನಾವು ಪತ್ರಿಕೋದ್ಯಮ ಓದುವಾಗ ಒಂದೇ ಬೆಂಚಿಗೆ ಬಂದವರು. ಊರು ಬೇರೆ, ಸಾಲಿ ಬೇರೆ. ಆದರೆ ಸಣ್ಣವರಿದ್ದಾಗಿನ ಮಾತು ಬಂದರೆ ಎಲ್ಲರ ಬಾಯಲ್ಲೂ ಒಂದೇ ಸಾಮಾನು: ಟೀವಿಗೆ ಹಚ್ಚಿ ಆಡುವ ಗೇಮು. ಒಬ್ಬರ ಮನೆಗೆ ಅದು ಸೊಲ್ಲಾಪುರದಿಂದ ಬಂದಿತ್ತು, ಇನ್ನೊಬ್ಬರ ಮನೆಗೆ ಕಲಬುರಗಿಯಿಂದ (ಆಗ ಇನ್ನೂ ಗುಲಬರ್ಗಾ), ಮತ್ತೊಬ್ಬರಿಗೆ ಜಾತ್ರೆಯ ಅಂಗಡಿಯಿಂದ. ಡಬ್ಬದ ಮೇಲೆ ಯಾವ ಕಂಪನಿ ಹೆಸರಿತ್ತೋ ಯಾರಿಗೂ ನೆನಪಿಲ್ಲ.

ಅದರ ಮೂಲ ಜಪಾನಿನದು. ನಿಂಟೆಂಡೊ ಕಂಪನಿ 1983ರ ಜುಲೈನಲ್ಲಿ ‘ಫ್ಯಾಮಿಲಿ ಕಂಪ್ಯೂಟರ್’ ಅನ್ನುವ ಯಂತ್ರ ಬಿಟ್ಟಿತು. ರೂಪಿಸಿದವರು ಮಸಾಯುಕಿ ಉಎಮುರಾ ಅನ್ನುವ ಇಂಜಿನಿಯರ್, 2021ರಲ್ಲಿ ತೀರಿಹೋದರು. ನಮ್ಮ ಕೈಗೆ ಸಿಕ್ಕದ್ದು ಅದರ ನಕಲು. ‘ಕ್ಯಾಸೆಟ್’ ಅಂತ ನಾವು ಕರೆಯುತ್ತಿದ್ದುದರಲ್ಲಿ ಟೇಪು ಇರಲಿಲ್ಲ, ಒಳಗೆ ಇದ್ದದ್ದು ಚಿಪ್ಪು. ಖರೆ ಟೇಪಿನ ಕ್ಯಾಸೆಟ್ಟಿನಿಂದ ಗೇಮು ಆಡಿದವರು ಇಂಗ್ಲೆಂಡಿನ ಹುಡುಗರು. 1982ರ ಜೆಡ್‌ಎಕ್ಸ್ ಸ್ಪೆಕ್ಟ್ರಮ್ ಅನ್ನುವ ಮನೆ ಕಂಪ್ಯೂಟರಿಗೆ ಟೇಪ್ ರೆಕಾರ್ಡರ್ ಹಚ್ಚಿ, ಅದು ಕಿರ್ರೋ ಅಂತ ಕಿರುಚುವುದನ್ನು ನಾಲ್ಕೈದು ನಿಮಿಷ ಕೇಳಿಕೊಂಡು ಕೂಡಬೇಕಿತ್ತು. ನಮ್ಮದು ಹಾಕಿದ ತಕ್ಷಣ ಚಾಲೂ. ಆಗದಿದ್ದರೆ ತೆಗೆದು, ಊದಿ, ಮತ್ತೆ ಹಾಕುವುದು. ಊದಿದ್ದರಿಂದ ಏನೂ ಆಗುತ್ತಿರಲಿಲ್ಲ, ತೆಗೆದು ಹಾಕಿದ್ದರಿಂದಲೇ ತಾಗುತ್ತಿತ್ತು ಅಂತ ಈಗ ಗೊತ್ತು. ಆದರೂ ಊದದೆ ಹಾಕಲು ಕೈ ಬರುವುದಿಲ್ಲ.

ಇಡೀ ಮಾರಿಯೋ ಗೇಮು ಬರೀ 40 ಕೆಬಿ. ನಿಮ್ಮ ಗ್ರೂಪಿಗೆ ಬೆಳಿಗ್ಗೆ ಬರುವ ಒಂದು ಗುಡ್ ಮಾರ್ನಿಂಗ್ ಫೋಟೋ ಅದಕ್ಕಿಂತ ದೊಡ್ಡದಿರುತ್ತದೆ. ಅಷ್ಟು ಸಣ್ಣದಾದರೂ ನಮ್ಮ ಕಡೆ ಅದನ್ನು ಮುಗಿಸಿದವರು ಕಡಿಮೆ. ಯಾಕಂದರೆ ಆಡಿದ್ದನ್ನು ಅದು ಉಳಿಸಿಕೊಳ್ಳುವುದಿಲ್ಲ. ಕರೆಂಟ್ ಹೋದರೆ ಮತ್ತೆ ಮೊದಲಿನಿಂದ. ಬೇಸಿಗೆ ರಜೆಯಲ್ಲಿ ಕರೆಂಟ್ ಎಷ್ಟು ತಾಸು ಇರುತ್ತಿತ್ತು ಅಂತ ನಿಮಗೆ ಹೇಳಬೇಕಿಲ್ಲ. ಮೊದಲ ಹಂತ ಕಣ್ಣು ಮುಚ್ಚಿ ಆಡುವಷ್ಟು ಬಾಯಿಪಾಠ, ಐದನೆಯದು ಹೇಗಿದೆ ಅಂತ ಗೊತ್ತಿಲ್ಲ! ಆಳಂದದ ನಮ್ಮ ಓಣಿಗೆ ಸೊಲ್ಲಾಪುರದಿಂದ ರಜೆಗೆ ಬಂದ ಹುಡುಗನೊಬ್ಬ ಎರಡನೇ ಹಂತದ ಕೊನೆಗೆ ಚಾವಣಿ ಮೇಲೆ ಓಡಿ, ಒಂದು ಪೈಪಿನೊಳಗೆ ಇಳಿದು ಸೀದಾ ನಾಲ್ಕನೇ ಲೋಕಕ್ಕೆ ಹೋಗಿಬಿಟ್ಟ. ಆ ವರ್ಷ ಅವನಿಗೆ ಸಿಕ್ಕ ಮರ್ಯಾದೆ ಬೀಗರಿಗೂ ಸಿಗಲಿಲ್ಲ.

ಈಗ ರಿಮೋಟಿನ ವಿಷಯ. ಜಪಾನಿನ ಮೂಲ ಯಂತ್ರದಲ್ಲಿ ಎರಡನೇ ರಿಮೋಟಿಗೆ ಸ್ಟಾರ್ಟ್, ಸೆಲೆಕ್ಟ್ ಬಟನ್ ಇಲ್ಲ. ಆ ಜಾಗದಲ್ಲಿ ಸಣ್ಣ ಮೈಕ್ ಇಟ್ಟಿದ್ದರು. ನಮ್ಮ ಮನೆಗಳಿಗೆ ಬಂದ ನಕಲು ಮಾಡಿದವರು ಮೈಕ್ ತೆಗೆದರು, ಬಟನ್ ಮಾತ್ರ ಹಾಕಲಿಲ್ಲ. ಅಂದರೆ ಆಟ ಶುರು ಮಾಡುವುದು, ನಿಲ್ಲಿಸುವುದು, ಇಬ್ಬರಿಗೋ ಒಬ್ಬರಿಗೋ ಅಂತ ಆರಿಸುವುದು ಎಲ್ಲ ಮೊದಲನೇ ರಿಮೋಟಿನವನ ಕೈಯಲ್ಲಿ. ಎರಡನೆಯದು ಯಾವಾಗಲೂ ಹೆಣ್ಣುಮಕ್ಕಳಿಗೆ. ಅಣ್ಣ ಒಬ್ಬರ ಆಟ ಆರಿಸಿದರೆ ತಂಗಿ ಕೈಯಲ್ಲಿ ಬರೀ ಪ್ಲಾಸ್ಟಿಕ್. ತಾಸಿಗೆ ಇಷ್ಟು ಅಂತ ದುಡ್ಡು ತಗೊಂಡು ಆಡಿಸುವ ಅಂಗಡಿಗಳಿಗೆ ಹುಡುಗಿಯರು ಹೋಗುವ ಮಾತೇ ಇರಲಿಲ್ಲ.

ನಮ್ಮ ಜೇವರ್ಗಿಯ ಗೆಳತಿಗೆ ಮೊದಲನೇ ರಿಮೋಟು ಸಿಗುತ್ತಿದ್ದುದು ಅಣ್ಣ ಟ್ಯೂಷನ್ನಿಗೆ ಹೋದಾಗ. ಅವಳು ಹಾಕುತ್ತಿದ್ದುದು ಟ್ಯಾಂಕ್ ಗೇಮು. ಅದರ ಅಸಲಿ ಹೆಸರು ಬ್ಯಾಟಲ್ ಸಿಟಿ, ನಾಮ್ಕೊ ಕಂಪನಿಯದು, 1985. ಅದರಲ್ಲಿ ಇಟ್ಟಂಗಿ, ಕಬ್ಬಿಣ, ನೀರು, ಗಿಡ ಜೋಡಿಸಿ ನಮ್ಮದೇ ಮೈದಾನ ಕಟ್ಟಿಕೊಳ್ಳುವ ಸೌಲಭ್ಯ ಇದೆ. ಅವಳು ಕಟ್ಟಿದ್ದು ತಮ್ಮ ಓಣಿ. ಇಟ್ಟಂಗಿ ಅಂದರೆ ಮನೆ, ಗಿಡ ಅಂದರೆ ಬೇವಿನ ಕಟ್ಟೆ, ಒಂದು ಬದಿಗೆ ನೀರು ಅಂದರೆ ಭೀಮಾ ನದಿ. ಹೊಳೆ ಅವರ ಓಣಿಯಿಂದ ಬಹಳ ದೂರ, ಆದರೆ ಬೇಕೇ ಬೇಕು ಅಂತ ಹಾಕಿದಳಂತೆ. ಕರೆಂಟ್ ಹೋದರೆ ಓಣಿಯೂ ಹೋಗುತ್ತಿತ್ತು. ಅದಕ್ಕೇ ಗಣಿತದ ಚೌಕುಳಿ ನೋಟ್‌ಬುಕ್ಕಿನಲ್ಲಿ ಉದ್ದ 13, ಅಗಲ 13 ಮನೆ ಎಣಿಸಿ ಬರೆದಿಟ್ಟಳು. ಆ ನೋಟ್‌ಬುಕ್ಕು ಇನ್ನೂ ಅವರ ಟ್ರಂಕಿನಲ್ಲಿದೆ. ಓಣಿಯಲ್ಲಿ ಅರ್ಧ ಮನೆ ರಸ್ತೆ ಅಗಲ ಮಾಡುವಾಗ ಹೋದವು.

ಅದನ್ನು ಮತ್ತೆ ಟೀವಿಯಲ್ಲಿ ನೋಡಬೇಕು ಅಂತ ಈ ಬೇಸಿಗೆ ಮೂರೂ ತಾಲೂಕು ತಿರುಗಿದೆವು. ಯಂತ್ರ ಆಳಂದದಲ್ಲಿ, ಜೋಳದ ಚೀಲಗಳ ಹಿಂದೆ ಸಿಕ್ಕಿತು. ಕ್ಯಾಸೆಟ್ ಅಫಜಲಪುರದಲ್ಲಿ, ಮೇಲೆ ಸಾವಿರಾರು ಗೇಮು ಅಂತ ಬರೆದಿದೆ, ಎಣಿಸಿದರೆ ಹತ್ತಿಪ್ಪತ್ತೇ ಮತ್ತೆ ಮತ್ತೆ ಬರುತ್ತವೆ. ಜೇವರ್ಗಿಯ ಟೀವಿ ರಿಪೇರಿ ಕಾಕಾ ಅಡಾಪ್ಟರ್ ಸರಿ ಮಾಡಿ, ಹೊಸ ಎಲ್‌ಇಡಿ ಟೀವಿಗೇ ಹಚ್ಚಿಕೊಟ್ಟರು. ಗೆಳತಿ ನೋಟ್‌ಬುಕ್ಕು ನೋಡುತ್ತಾ ಓಣಿ ಕಟ್ಟಿದಳು. ಯಾರೂ ಮಾತಾಡಲಿಲ್ಲ. ಆಮೇಲೆ ಎರಡನೇ ರಿಮೋಟು ಅವಳ ಅಣ್ಣನಿಗೆ ಹೋಯಿತು.

ಬಂದೂಕು ಮಾತ್ರ ಕೆಲಸ ಮಾಡಲಿಲ್ಲ. ಬಾತುಕೋಳಿ ಹೊಡೆಯುವ ಆಟದಲ್ಲಿ ಬಂದೂಕಿನಿಂದ ಏನೂ ಹಾರುವುದಿಲ್ಲ, ಅದು ನೋಡುತ್ತದೆ. ಕುದುರೆ ಒತ್ತಿದಾಗ ಪರದೆ ಕ್ಷಣ ಕಪ್ಪಾಗಿ, ಬಾತು ಇದ್ದಲ್ಲಿ ಬಿಳಿ ಚೌಕ ಮೂಡುತ್ತದೆ. ಕಪ್ಪಿನ ಹಿಂದೆಯೇ ಬಿಳಿ ಕಂಡರೆ ಗುರಿ ಬಿತ್ತು ಅಂತ ಲೆಕ್ಕ. ಬಲ್ಬಿಗೆ ಹಿಡಿದು ಮೋಸ ಮಾಡಲು ಹೋದವರಿಗೆ ಅದಕ್ಕೇ ಬಾತು ಸಿಗಲಿಲ್ಲ. ಎಲ್‌ಇಡಿ ಟೀವಿ ಚಿತ್ರವನ್ನು ಒಂದು ಚೂರು ತಡ ಮಾಡಿ ತೋರಿಸುತ್ತದೆ. ಅಷ್ಟೇ ಸಾಕು, ಬಾತು ಹಾರಿಹೋಗಿ ನಾಯಿ ನಗುತ್ತದೆ.

ಅದಕ್ಕೆ ಹಳೇ ಡಬ್ಬಾ ಟೀವಿಯೇ ಬೇಕು. ಕಾಕಾ ಹೇಳುವಂತೆ ಅವೆಲ್ಲ ಗುಜರಿಗೆ ಹೋಗಿವೆ. ನಿಮ್ಮ ಮನೆ ಅಟ್ಟದ ಮೇಲೆ ಒಂದು ಉಳಿದಿದ್ದರೆ ಮಾರುವ ಮುಂಚೆ ನಮಗೊಂದು ಮಾತು ಹೇಳ್ರಿ. ಹೊತ್ತುಕೊಂಡು ಹೋಗಲು ನಾವೇ ಬರುತ್ತೇವೆ.