ವಿಷವೈದ್ಯದ ಓದು ಮತ್ತು ಕೆಟಮಿನ್

14ನೆಯ ಶತಮಾನದ ಜೈನಕವಿ ಮಂಗರಾಜನು ಖಗೇಂದ್ರಮಣಿದರ್ಪಣದಲ್ಲಿ ವಿಷಚಿಕಿತ್ಸೆಯನ್ನು ಕನ್ನಡದಲ್ಲಿಯೇ ಬರೆದನು. ಮದ್ದು ಹಳ್ಳಿಯವನ ಕೈಗೂ ಎಟುಕಲೆಂಬ ಆಶಯ ಅದರ ಹಿಂದಿದೆಯೆಂದೇ ನನ್ನ ಎಣಿಕೆ. ಖಿನ್ನತೆಗೆ ಕೊಡುವ ಕೆಟಮಿನ್ ಕುರಿತು ಈಚೆಗೆ ಓದುವಾಗ ಆ ಕೃತಿ ಮತ್ತೆ ಮತ್ತೆ ನೆನಪಿಗೆ ಬಂದಿತು.

ಕೆಟಮಿನ್ 1962ರಲ್ಲಿ ತಯಾರಾದ ಅರಿವಳಿಕೆ. 2006ರಲ್ಲಿ ಅಮೆರಿಕದ ಕಾರ್ಲೋಸ್ ಜರಾಟೆ ಮತ್ತು ಸಂಗಡಿಗರು ಅದನ್ನು ಬೇರೆ ಔಷಧಗಳಿಗೆ ಬಗ್ಗದ ಖಿನ್ನತೆಯ 18 ರೋಗಿಗಳಲ್ಲಿ ಪರೀಕ್ಷಿಸಿದರು. ಒಂದೇ ಸಲ ಕೊಟ್ಟ ಮದ್ದಿನಿಂದ ಮರುದಿನವೇ ಶೇಕಡಾ 71 ಮಂದಿ ಚೇತರಿಸಿಕೊಂಡರು. ವಾರವಿಡೀ ಆ ಚೇತರಿಕೆ ಉಳಿದದ್ದು ಶೇಕಡಾ 35 ಮಂದಿಗೆ. ಅವರಾದರೋ ಎರಡು ವಾರ ಬೇರೆ ಮಾತ್ರೆ ಬಿಟ್ಟಿದ್ದವರು, ಕಡೆಯ ಮೂರು ತಿಂಗಳಲ್ಲಿ ಕುಡಿತದ ಚಟವಿಲ್ಲದವರು.

ಕಂಬದಹಳ್ಳಿಯ ಬಸದಿಗೆ ಹೋಗುವಾಗ ಬೆಳ್ಳೂರು ಕ್ರಾಸಿನಲ್ಲಿ ಆಸ್ಪತ್ರೆಯ ಚೀಟಿ ಹಿಡಿದು ಬಸ್ಸಿಗೆ ಕಾಯುವವರನ್ನು ಕಂಡಿದ್ದೇನೆ. ಇವರು ಹಾಗೆ ಸೋಸಿ ತೆಗೆದವರಲ್ಲ. ಕುಡಿತ, ಸಕ್ಕರೆ ಕಾಯಿಲೆ, ಸಾಲ, ಅರ್ಧಕ್ಕೆ ಬಿಟ್ಟ ಮಾತ್ರೆ ಎಲ್ಲವೂ ಒಬ್ಬನಲ್ಲಿಯೇ ಇರಬಹುದು. 2015ರಲ್ಲಿ ಕಬ್ಬು ಬೆಳೆಗಾರರ ಸಾಲು ಸಾಲು ಆತ್ಮಹತ್ಯೆಗಳನ್ನು ಕಂಡ ಮಂಡ್ಯ ಜಿಲ್ಲೆ ಇದು. ಹಳೆಯ ಮಾತ್ರೆಗಳು ಹಿಡಿಯಲು ವಾರಗಳು ಬೇಕಾಗುವಾಗ, ಗಂಟೆಗಳಲ್ಲಿ ಬಿಡುವು ಕೊಡಬಲ್ಲ ಮದ್ದು ಇಲ್ಲಿ ಸಣ್ಣ ಮಾತಲ್ಲ. ಆದರೆ ಅದನ್ನು ಸಾಮಾನ್ಯವಾಗಿ ವಾರಕ್ಕೆರಡು ಸಲದಂತೆ ಕೆಲವು ವಾರ ಕೊಡಬೇಕು. ಪ್ರತಿಸಲವೂ ರಕ್ತದೊತ್ತಡ ನೋಡುತ್ತ ಆಸ್ಪತ್ರೆಯಲ್ಲಿಯೇ ಇರಿಸಿಕೊಳ್ಳಬೇಕು. ಮನೆಗೆ ಕರೆದೊಯ್ಯಲು ಜೊತೆಗೊಬ್ಬರು ಬೇಕು. ಹಾಗಾದರೆ ಕಳೆಯುವುದು ಇಬ್ಬರ ಕೂಲಿ. ಎಂಟು ಸಲ ಬರಬೇಕಾದವನು ಮೂರಕ್ಕೇ ನಿಂತರೆ, ಮದ್ದು ಹಿಡಿಯಲಿಲ್ಲವೆಂದು ಬರೆಯುವರೋ, ಬಸ್ಸಿಗೆ ಕಾಸಿರಲಿಲ್ಲವೆಂದೋ?