ಶೃಂಗಾರ ಕಥೆಗಳೂ ವಿಸ್ರಂಭವೂ

ಕಳೆದ ಶ್ರಾವಣದಲ್ಲಿ ನಮ್ಮ ತಂಗಿಯು ಮಗಳೊಡನೆ ಮಸೂತಿಗೆ ಬಂದಿದ್ದಳು. ಮಗಳು ವಿಜಯಪುರದ ಕಾಲೇಜಿನಲ್ಲಿ ಓದುವವಳು, ವಯಸ್ಸು ಇಪ್ಪತ್ತೊಂದು. ಬಂದ ಎರಡನೆಯ ದಿನವೇ ತಂಗಿಯು ಆಕೆಯ ಚೀಲದಿಂದ ಒಂದು ಕಾದಂಬರಿಯನ್ನು ತೆಗೆದುತಂದು, "ಅಣ್ಣಾ, ನೀ ಸಾಲಿ ಕಲಿಸಿದಾಂವ. ಇದನ್ನ ಓದಿ ನೋಡಿ ಅಕಿಗೆ ನಾಕು ಮಾತು ಹೇಳು" ಎಂದು ನಮ್ಮ ಮುಂದಿಟ್ಟಳು. ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಸಂಸ್ಕೃತವನ್ನು ಬೋಧಿಸಿ ನಿವೃತ್ತರಾದವರಿಗೆ ಇಂಥ ನ್ಯಾಯಾಧೀಶಪದವಿ ಒದಗಿದರೆ ಬೇಡವೆನ್ನಲು ಮನಸ್ಸಾಗದು. ಪುಸ್ತಕದೊಡತಿಯನ್ನು ಕೇಳದೆಯೇ ಎರಡು ಮಧ್ಯಾಹ್ನಗಳಲ್ಲಿ ಓದಿ ಮುಗಿಸಿದೆವು.

ಕಥೆ ಇಷ್ಟೇ. ಒಬ್ಬ ಕೋಟ್ಯಧೀಶ, ಅವನ ಕಚೇರಿಯಲ್ಲಿ ಸಂಬಳಕ್ಕಿರುವ ಬಡ ತರುಣಿ. ಅವಳ ತಂದೆಯ ಸಾಲಪತ್ರವು ಇವನ ಕೈಯಲ್ಲಿದೆ. ಅದರ ಬಲದಿಂದ ಅವಳನ್ನು ತನ್ನ ಬಂಗಲೆಯಲ್ಲಿ ಇರಿಸಿಕೊಳ್ಳುತ್ತಾನೆ. ಅವಳು ಮೊದಲು ಕೆರಳುತ್ತಾಳೆ, ಆಮೇಲೆ ಒಲಿಯುತ್ತಾಳೆ. ನಡುನಡುವೆ ಶಯ್ಯಾಗೃಹದ ವರ್ಣನೆ ಬೇಕಾದಷ್ಟು. ತಂಗಿಯ ಆಕ್ಷೇಪಣೆಯೆಲ್ಲ ಈ ವರ್ಣನೆಗಳ ಮೇಲೆ. ನಮ್ಮನ್ನು ಅವು ಅಷ್ಟಾಗಿ ಬಾಧಿಸಲಿಲ್ಲ. ಪಾಠಶಾಲೆಯಲ್ಲಿ ನಮ್ಮ ಗುರುಗಳು ಕುಮಾರಸಂಭವದ ಏಳನೆಯ ಸರ್ಗಕ್ಕೇ ಪುಸ್ತಕವನ್ನು ಕಟ್ಟಿಟ್ಟರು. ಆ ಕಾರಣದಿಂದಲೇ ಎಂಟನೆಯದನ್ನು ನಾವು ಕಂಠಪಾಠ ಮಾಡಿದ್ದೆವು! ನಮ್ಮನ್ನು ತಡೆದು ನಿಲ್ಲಿಸಿದುದು ಆ ಸಾಲಪತ್ರ.

ಸಂಸ್ಕೃತದಲ್ಲಿ 'ವಿಸ್ರಂಭ' ಎಂಬ ಶಬ್ದವುಂಟು. ವಿಶ್ವಾಸವೆಂದೂ ಪ್ರಣಯವೆಂದೂ ಅದಕ್ಕೆ ಎರಡರ್ಥ. ವಾತ್ಸ್ಯಾಯನನ ಕಾಮಸೂತ್ರದ ಮೂರನೆಯ ಅಧಿಕರಣದಲ್ಲಿ ನವವಧುವಿನ ವಿಸ್ರಂಭವನ್ನು ಪಡೆಯುವ ಬಗೆಗೇ ಒಂದು ಅಧ್ಯಾಯವಿದೆ. ಮದುವೆಯಾದ ಮೊದಲ ಮೂರು ರಾತ್ರಿ ಬ್ರಹ್ಮಚರ್ಯ; ಬಲಾತ್ಕಾರ ಸಲ್ಲದು; ನಂಬಿಕೆ ಹುಟ್ಟುವುದಕ್ಕೆ ಮುಂಚೆ ಬಲದಿಂದ ಒದಗಿದವನನ್ನು ಹೆಣ್ಣು ದ್ವೇಷಿಸುವಳೆಂದು ಅವನ ಎಚ್ಚರಿಕೆ. ಅದೇ ಅಧಿಕರಣದ ಕೊನೆಗೆ ಅಮಲೇರಿಸಿ ಕನ್ಯೆಯನ್ನು ಕೊಂಡೊಯ್ಯುವ ಉಪಾಯವನ್ನೂ ಅವನು ಹೇಳಿರುವನೆಂಬುದನ್ನು ಮುಚ್ಚಿಡಲಾಗದು. ಶಾಸ್ತ್ರಕಾರರು ಎರಡು ನಾಲಗೆಯವರು.

ನಮ್ಮ ಕವಿಗಳು ಇದನ್ನು ಇನ್ನೂ ಸೂಕ್ಷ್ಮವಾಗಿ ಕಂಡವರು. ವಿಜಯಪುರದಲ್ಲಿ ಮಲ್ಲಿಜಿನಾಲಯವನ್ನು ಕಟ್ಟಿಸಿದ ನಾಗಚಂದ್ರನ ರಾಮಾಯಣದಲ್ಲಿ ರಾವಣನಿಗೆ, ಒಲ್ಲದ ಪರಸ್ತ್ರೀಯನ್ನು ಮುಟ್ಟೆನೆಂಬ ವ್ರತವಿದೆ. ಅವನು ವ್ರತವನ್ನು ಮುರಿಯಲಿಲ್ಲ; ಕಡೆಗೆ ಸೀತೆಯು ಮೂರ್ಛೆಹೋದುದನ್ನು ಕಂಡು ಅವನ ಮನಸ್ಸೂ ತಿರುಗಿತು. ಓದುಗರು ಅವನಿಗಾಗಿ ಮರುಗುತ್ತಾರೆ, ನಾವೂ ಮರುಗಿದ್ದೇವೆ. ಆದರೆ ಸೆರೆಯಲ್ಲಿಟ್ಟು ಸಮ್ಮತಿಗಾಗಿ ಕಾಯುವವನ ತಾಳ್ಮೆಗೆ ವಿಸ್ರಂಭವೆಂದು ಹೆಸರಿಡಬಹುದೆ? ಕೀಲಿಕೈಯು ಅವನ ಸೊಂಟದಲ್ಲಿಯೇ ಇದೆಯಷ್ಟೆ! ೧೨೩೦ರಲ್ಲಿ ಮುಗಿದ ಜನ್ನನ ಅನಂತನಾಥಪುರಾಣದ ಚಂಡಶಾಸನನಿಗೆ ಆ ತಾಳ್ಮೆಯೂ ಇಲ್ಲ. ಗೆಳೆಯ ವಸುಷೇಣನ ಮನೆಗೆ ಅತಿಥಿಯಾಗಿ ಬಂದು, ಅವನ ಮಡದಿ ಸುನಂದೆಯನ್ನು ಕದ್ದೊಯ್ದನು; ಅವಳು ಒಲಿಯದಿರಲು ಗಂಡನದೆಂದು ಒಂದು ಮಾಯೆಯ ತಲೆಯನ್ನು ತಂದು ತೋರಿಸಿದನು. ಅವಳ ಪ್ರಾಣವೇ ಹೋಯಿತು. ಅವಳ ಚಿತೆಯಲ್ಲಿ ತಾನೂ ಬಿದ್ದು ಸತ್ತನು. ಇದನ್ನು ಪ್ರೇಮವೆನ್ನುವವರೂ ಇದ್ದಾರೆ.

ಇಷ್ಟು ಸಾಮಗ್ರಿಯನ್ನು ಜೋಡಿಸಿಕೊಂಡು ಆ ಸಂಜೆ ಹುಡುಗಿಯನ್ನು ಕಟ್ಟೆಯ ಮೇಲೆ ಕೂಡಿಸಿಕೊಂಡೆವು. ಕೂಡಗಿಯ ವಿದ್ಯುತ್ ಸ್ಥಾವರದ ಚಿಮಣಿಗಳಲ್ಲಿ ದೀಪ ಹತ್ತಿದ್ದವು. ಪ್ರತಿಭಟಿಸದಿರುವುದೊಂದೇ ಸಮ್ಮತಿಯಾಗದೆಂದು ೨೦೧೩ರ ಕಾನೂನಿನ ತಿದ್ದುಪಡಿಯು ಸ್ಪಷ್ಟಪಡಿಸಿರುವುದನ್ನೂ ಸೇರಿಸಿ ಅರ್ಧ ತಾಸು ಉಪನ್ಯಾಸ ಕೊಟ್ಟೆವು. ಆಕೆ ತಾಳ್ಮೆಯಿಂದ ಕೇಳಿದಳು. ಅನಂತರ ಹೇಳಿದಳು:

"ಮಾಮಾ, ಯಶೋಧರ ಚರಿತೆಯ ಅಮೃತಮತಿನ್ನ ಬಿಟ್ರಿ. ಮಾವುತ ತಲಿಗೂದಲ ಹಿಡದು ಹೊಡದ್ರೂ ಅಕಿ ರಾಣಿ. ಬ್ಯಾಡಾಗಿದ್ರ ಬಿಟ್ಟು ಬರಬಹುದಿತ್ತು. ಸುನಂದೆಗೆ ಬಾಗಿಲಾನೇ ಇರಲಿಲ್ಲ. ಈ ಪುಸ್ತಕ ಓದೂಮುಂದ ನಾನೂ ರಾಣಿನೇ. ಬ್ಯಾಡನಿಸಿದ್ರ ಮುಚ್ಚತೀನಿ. ಕಡೀಕ ಅಂವಾ ಸಾಲಪತ್ರ ಹರೀತಾನ ಅನ್ನೂದು ಮೊದಲನೇ ಪುಟಕ್ಕೇ ಗೊತ್ತಿರತೈತಿ. ಬರದಾಕಿ ಮ್ಯಾಲ ಆ ನಂಬಿಕಿ ಇದ್ದದ್ದಕ್ಕ ಅಂಜಿಕಿ ಇಲ್ಲದ ಓದತೀನಿ. ಅಂಥಾವನ ಸಂಗಾಟ ಬಾಳೇ ಮಾಡಂದ್ರ ನಾ ಒಲ್ಲೆ." ಸ್ವಲ್ಪ ತಡೆದು, "ಆದ್ರ ನನ್ನ ಚೀಲಕ್ಕ ಕೈ ಹಾಕಿದ್ರಲ್ಲ, ಅದನ್ನ ಮುಚ್ಚಾಕ ನನ್ನ ಕೈಯಾಗ ಏನೂ ಇರಲಿಲ್ಲ" ಎಂದಳು.

ನಾವು ನಿರುತ್ತರರಾದೆವು. ಮೂವತ್ತು ವರ್ಷ ಯಶೋಧರ ಚರಿತೆಯನ್ನು ಓದಿದ ನಮಗೆ ರಾಣಿಯ ಪಾಪವೂ ಮಾವುತನ ಕುರೂಪವೂ ಕಂಡಿದ್ದವೇ ಹೊರತು ಆ ತೆರೆದ ಬಾಗಿಲು ಕಂಡಿರಲಿಲ್ಲ. ಪುಸ್ತಕವನ್ನು ಅವಳ ಕೈಗೇ ಕೊಟ್ಟು, ಕೇಳದೆ ಓದಿದುದು ತಪ್ಪೆಂದು ಹೇಳಿದೆವು.

ಬಾಗಿಲಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದ ನಮ್ಮ ಮನೆಯವರು ಇದೆಲ್ಲವನ್ನೂ ಕೇಳಿಸಿಕೊಂಡಿದ್ದರು. ಹುಡುಗಿ ಒಳಗೆ ಹೋದ ಮೇಲೆ ಮೊರದಿಂದ ತಲೆಯೆತ್ತದೆ ಕೇಳಿದರು: "ಲಗ್ನಾದ ಹೊಸದಾಗ ನಾ ಮಾತಾಡ್ತಿರಲಿಲ್ಲಲ್ಲ, ಅದನ್ನ ನೀವು ಏನಂತ ತಿಳಕೊಂಡಿದ್ರಿ?"

"ನಾಚಿಕೆ" ಎಂದೆವು.

"ಅಂಜಿಕಿ" ಎಂದರು.

ಎಂಟನೆಯ ಸರ್ಗವೂ ವಿಸ್ರಂಭದ ಅಧ್ಯಾಯವೂ ಆಗ ನಮ್ಮ ನಾಲಗೆಯ ತುದಿಯಲ್ಲಿದ್ದವು! ಬಹಳ ಹೊತ್ತಿನ ಮೇಲೆ, ಆ ಅಂಜಿಕೆ ಎಂದು ಹೋಯಿತೆಂದು ಕೇಳಿದೆವು.

"ಒಂದ ರಾತ್ರಿ 'ಇವತ್ತ ಬ್ಯಾಡ್ರಿ' ಅಂದೆ. ನೀವು ಕಂದೀಲ ತಗೊಂಡು ಪಡಸಾಲಿಗೆ ಹೋಗಿ ಓದಕೋಂತ ಕುಂತ್ರಿ. ಮುಂಜಾನೆ ಮಾರಿ ಗಂಟ ಹಾಕಿರತೀರಿ ಅಂತ ಅಂಜಕೋಂತ ಚಹಾ ತಂದ್ರ, ದಿನದಂಗ ನಕ್ಕು ತಗೊಂಡ್ರಿ. ಅವತ್ತ."

ಆ ರಾತ್ರಿಯಾಗಲಿ ಆ ಮುಂಜಾನೆಯಾಗಲಿ ನಮಗೆ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಅವರಿಗೆ ಕಂದೀಲಿನ ಗಾಜು ಸೀಳಿದ್ದುದೂ ನೆನಪಿತ್ತು.