ವಿಳಾಸಕ್ಕೆ ಎಷ್ಟು ಮನೆ ಬೇಕು?

ಗಡಿನಾಡಿನಲ್ಲಿ ಬಾಳುವ ನಮಗೆ ವಿಳಾಸವೆಂಬುದು ಬರಿಯ ಅಂಚೆಯ ಸಂಗತಿಯಲ್ಲ. 1956ರ ನವೆಂಬರ್ 1ರಂದು ಕಾಸರಗೋಡಿನ ಮನೆಗಳು ಇದ್ದಲ್ಲಿಯೇ ಇದ್ದವು. ವಿಳಾಸದಲ್ಲಿ ರಾಜ್ಯದ ಹೆಸರು ಮಾತ್ರ ಬದಲಾಯಿತು. ಆಮೇಲೆ ನಮ್ಮ ಉದ್ದುದ್ದ ಹೆಸರುಗಳು ಅರ್ಜಿಗಳ ಚೌಕ ಮನೆಗಳಲ್ಲಿ ಹಿಡಿಯದೆ ತುದಿ ಕಳೆದುಕೊಂಡುದನ್ನು ಕಂಡಿದ್ದೇವೆ. ಅರ್ಜಿಯನ್ನು ಹಿಂದಿರುಗಿಸಿದ್ದರೆ ಮತ್ತೆ ಬರೆದುಕೊಡಬಹುದಿತ್ತು. ಹಿಡಿದಷ್ಟನ್ನು ಇಟ್ಟುಕೊಂಡು ಉಳಿದುದನ್ನು ಸದ್ದಿಲ್ಲದೆ ಕೈಬಿಟ್ಟದ್ದೇ ತೊಂದರೆಯಾಯಿತು. ಎಷ್ಟೋ ವರ್ಷಗಳ ಬಳಿಕ ಪಿಂಚಣಿಗೋ ಆಸ್ತಿ ಪಾಲಿಗೋ ಹೋದಾಗ ಅದು ಬೆಳಕಿಗೆ ಬರುತ್ತಿತ್ತು.

ಕನ್ನಡ ಶಾಲೆಗಳಲ್ಲಿ ಓದಿ ಗಣಕಯಂತ್ರದ ಉದ್ಯೋಗಕ್ಕೆ ಸೇರಿದ ನಾವು ಇದೇ ಪ್ರಶ್ನೆಯನ್ನು ಲಿನಕ್ಸ್‌ನ ಒಳಗೂ ಎದುರುಗೊಂಡೆವು. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಈ ವ್ಯವಸ್ಥೆಯ ತಿರುಳಿಗೆ ಕರ್ನೆಲ್ ಎಂದು ಹೆಸರು. ಯಂತ್ರದ ಯಾವ ಸಾಧನ ಯಾವ ವಿಳಾಸದಿಂದ ಯಾವ ವಿಳಾಸದವರೆಗೆ ನೆಲೆಸಿದೆ ಎಂಬ ದಫ್ತರವನ್ನು ಅದು ಇಟ್ಟುಕೊಳ್ಳುತ್ತದೆ. ಸರ್ವೆ ನಂಬರಿನ ಕೆಳಗೆ ಉಪವಿಭಾಗಗಳು ಬರುವಂತೆ, ದೊಡ್ಡ ವ್ಯಾಪ್ತಿಯೊಳಗೆ ಚಿಕ್ಕವು ಅಡಗಿರುತ್ತವೆ. ಆರಂಭ ಮತ್ತು ಅಂತ್ಯ ಎಂಬ ಆ ಎರಡು ಸಂಖ್ಯೆಗಳಿಗೆ ಎಷ್ಟು ಅಗಲದ ಮನೆ ಕೊಡಬೇಕು?

ಮೊದಲು ಕೊಟ್ಟದ್ದು ‘ಅನ್‌ಸೈನ್ಡ್ ಲಾಂಗ್’ ಎಂಬ ಬಗೆಯನ್ನು. ವಿಳಾಸಕ್ಕೆ ಋಣಚಿಹ್ನೆಯ ಅಗತ್ಯವಿಲ್ಲ. ಆದ್ದರಿಂದ ‘ಅನ್‌ಸೈನ್ಡ್’ ಎಂಬುದು ಸರಿಯೇ. ‘ಲಾಂಗ್’ನ ಅಗಲವಾದರೋ 32 ಬಿಟ್‌ನ ಯಂತ್ರಗಳಲ್ಲಿ 32 ಬಿಟ್ ಮಾತ್ರ. ಅದರಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 4,294,967,295; ಅಂದರೆ 4 ಗಿಗಾಬೈಟ್‌ಗಳ ವಿಳಾಸಗಳು. ಯಂತ್ರವೇ 32 ಬಿಟ್‌ನದಾಗಿರುವಾಗ ಅಷ್ಟು ಸಾಕೆಂದು ತೋರುವುದು ಸಹಜ. ಆದರೆ 1995ರಲ್ಲಿ ಬಂದ ಪೆಂಟಿಯಂ ಪ್ರೊ ಸಂಸ್ಕಾರಕ ತನ್ನ ಲೆಕ್ಕಾಚಾರವನ್ನು 32 ಬಿಟ್‌ನಲ್ಲಿಯೇ ಉಳಿಸಿಕೊಂಡು, ವಿಳಾಸಕ್ಕೆ 36 ಬಿಟ್‌ಗಳನ್ನು ಪಡೆಯಿತು. ಊರು 64 ಗಿಗಾಬೈಟ್‌ವರೆಗೆ ಬೆಳೆಯಿತು, ದಫ್ತರದ ಮನೆ ಬೆಳೆಯಲಿಲ್ಲ. 4 ಗಿಗಾಬೈಟ್‌ಗಳ ಆಚೆ 4,096ನೆಯ ವಿಳಾಸವನ್ನು ಆ ಮನೆಯಲ್ಲಿ ಬರೆದರೆ ಮೇಲಿನ ಬಿಟ್‌ಗಳು ಉದುರಿ ಬರಿಯ 4,096 ಉಳಿಯುತ್ತದೆ. ದೋಷವೆಂದು ಯಂತ್ರ ಹೇಳುವುದಿಲ್ಲ. ಒಬ್ಬರ ಮನೆಯನ್ನು ಇನ್ನೊಬ್ಬರದೆಂದು ತಿಳಿದು ಮುಂದೆ ಸಾಗುತ್ತದೆ.

ಹಾಗಾದರೆ ಎಲ್ಲಕ್ಕೂ 64 ಬಿಟ್ ಕೊಡಬಾರದೇಕೆ? ಅಲ್ಪ ಸ್ಮೃತಿಯ ಚಿಕ್ಕ 32 ಬಿಟ್ ಸಾಧನಗಳಲ್ಲಿ ಪ್ರತಿಯೊಂದು ಸಂಖ್ಯೆಯೂ ಇಮ್ಮಡಿ ಜಾಗ ಬೇಡುತ್ತದೆ. ಒಂದು ಕೂಡಿಕೆ ಎರಡಾಗುತ್ತದೆ. ಬಡವನ ಮೇಲೆ ಸಿರಿವಂತನ ಖರ್ಚನ್ನು ಹೇರಿದಂತೆ. 2006ರಲ್ಲಿ ಕರ್ನೆಲ್‌ನವರು ಕಂಡುಕೊಂಡ ದಾರಿ ‘ರಿಸೋರ್ಸ್ ಸೈಜ್ ಟಿ’ ಎಂಬ ಹೊಸ ಹೆಸರು. ಈ ಹೆಸರು ಅಗಲವನ್ನು ಹೇಳುವುದಿಲ್ಲ, ಉದ್ದೇಶವನ್ನು ಹೇಳುತ್ತದೆ. ಕರ್ನೆಲನ್ನು ಕಟ್ಟುವಾಗ ಆಯಾ ಯಂತ್ರಕ್ಕೆ ತಕ್ಕಂತೆ ಅದು 32 ಇಲ್ಲವೆ 64 ಬಿಟ್ ಆಗುತ್ತದೆ. ಬದಲಾವಣೆಯೇನೂ ಸುಲಭವಾಗಿರಲಿಲ್ಲ. ರೂಢಿಯಂತೆ ‘ಲಾಂಗ್’ ಎಂದು ಬರೆದಿದ್ದ ಕಡೆಗಳನ್ನು ಒಂದೊಂದಾಗಿ ತಿದ್ದಬೇಕಾಯಿತು. ಸಂಖ್ಯೆಯನ್ನು ಮುದ್ರಿಸುವ ಸಾಲುಗಳು ಕೂಡ ಅದರ ಅಗಲವನ್ನು ಮೊದಲೇ ಊಹಿಸಿಕೊಂಡಿದ್ದವು.

ವಸ್ತುವನ್ನು ಇಂದಿನ ಅಳತೆಯಿಂದ ಹೆಸರಿಸದೆ ಅರ್ಥದಿಂದ ಹೆಸರಿಸಬೇಕೆಂಬ ಈ ಪಾಠ ಸಂಘಗಳ ಬಾಗಿಲಿಗೂ ಬಂದಿದೆ. ಸದಸ್ಯರ ಪಟ್ಟಿ, ಶಾಲೆಯ ದಾಖಲೆಗಳೆಲ್ಲ ಈಗ ಗಣಕಕ್ಕೆ ಏರುತ್ತಿವೆ. ಇಂದು ಹೆಚ್ಚಾಗಿ ಬಳಸುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಅಕ್ಷರಕ್ಕೆ 1 ಬೈಟ್ ಸಾಕು. ಕನ್ನಡದ ಪ್ರತಿ ಅಕ್ಷರಕ್ಕೂ ಪ್ರತಿ ಸ್ವರಚಿಹ್ನೆಗೂ 3 ಬೈಟ್ ಬೇಕು. ಇಂಗ್ಲಿಷಿನಲ್ಲಿ 9 ಬೈಟ್‌ಗಳಾಗುವ ಕಾಸರಗೋಡು ಕನ್ನಡದಲ್ಲಿ 24 ಬೈಟ್‌ಗಳಾಗುತ್ತದೆ. 20 ಬೈಟ್‌ಗಳ ಮನೆಯಲ್ಲಿ ‘ಕಾಸರಗೋ’ ಎಂಬಷ್ಟೇ ಪೂರ್ತಿ ಹಿಡಿಯುತ್ತದೆ. ಆದುದರಿಂದ ತಂತ್ರಾಂಶ ಮಾಡಿಕೊಡುವವರನ್ನು ನಾವು ಮೊದಲೇ ಎರಡು ಮಾತು ಕೇಳಬೇಕು: ನಮ್ಮ ಹೆಸರಿಗೆ ಎಷ್ಟು ಮನೆ ಇಟ್ಟಿದ್ದೀರಿ? ಹಿಡಿಯದಿದ್ದರೆ ಅದು ಬಾಯಿಬಿಟ್ಟು ಹೇಳುತ್ತದೆಯೇ, ಸುಮ್ಮನೆ ಕತ್ತರಿಸುತ್ತದೆಯೇ?